ದುಡ್ಡು ಖಾತೆಗೆ, ಆಮೇಲೆ ಕೀಲಿ ಕೈಗೆ

ಬಾಡಿಗೆ ಮನೆ ಬದಲಿಸುವಾಗ ಫ್ರಿಜ್ಜು, ಮಗ ಓದು ಮುಗಿಸಿ ಕೆಲಸಕ್ಕೆ ಹೊರಟಾಗ ಬೈಕು, ಹೊಸದು ಬಂದ ಮೇಲೆ ಹಳೇ ಲ್ಯಾಪ್‌ಟಾಪು. ಇವನ್ನೆಲ್ಲ ಮಾರಲು ಈಗ ಗುಜರಿ ಅಂಗಡಿ ಹುಡುಕಬೇಕಿಲ್ಲ. ಮೊಬೈಲಿನಲ್ಲಿ ಫೋಟೊ ಹಾಕಿದರೆ ಗಿರಾಕಿಯ ಫೋನು ತಾನಾಗಿಯೇ ಬರುತ್ತದೆ. ಬಂದವನು ವಸ್ತುವನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾನೆ, ಬಿಲ್ ಕೇಳುತ್ತಾನೆ, ಚೌಕಾಸಿ ಮಾಡುತ್ತಾನೆ. ಅವನು ಕೊಡುವ ಹಣವನ್ನು ಮಾತ್ರ ಮಾರುವವರು ಅಷ್ಟು ಪರೀಕ್ಷಿಸುವುದಿಲ್ಲ, ಸಂಕೋಚ. ಕಾನೂನು ಮಾರುವವರ ಕೈಬಿಟ್ಟಿಲ್ಲ. ಆದರೆ ಅದು ಕೊಡುವ ರಕ್ಷಣೆಯ ಬಹುಪಾಲು ವಸ್ತು ನಿಮ್ಮ ಬಳಿ ಇರುವಷ್ಟು ಹೊತ್ತು ಮಾತ್ರ. ಕೊಟ್ಟಾದ ಮೇಲೆ ಉಳಿಯುವುದು ಠಾಣೆ, ಕೋರ್ಟು ಮತ್ತು ವಾಯಿದೆ.

ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ಇಂಥ ಮಾರಾಟಕ್ಕೂ 1930ರ ಸರಕು ಮಾರಾಟ ಕಾಯ್ದೆಯೇ ಅನ್ವಯ. ಬೇರೆ ಒಪ್ಪಂದವಾಗದಿದ್ದರೆ ಹಣ ಕೊಡುವುದೂ ವಸ್ತು ಒಪ್ಪಿಸುವುದೂ ಜೊತೆಜೊತೆಗೇ ನಡೆಯಬೇಕು ಎನ್ನುತ್ತದೆ ಅದರ ಸೆಕ್ಷನ್ 32. ಕಡ ಕೊಡುವ ಮಾತಾಗಿಲ್ಲದಿದ್ದರೆ, ಪೂರ್ತಿ ಬೆಲೆ ಬರುವ ತನಕ ವಸ್ತುವನ್ನು ತನ್ನಲ್ಲೇ ಇಟ್ಟುಕೊಳ್ಳುವ ಹಕ್ಕನ್ನು ಸೆಕ್ಷನ್ 47 ಮಾರುವವನಿಗೆ ಕೊಟ್ಟಿದೆ. ‘ನಮ್ಮ ಮೇಲೆ ನಂಬಿಕೆ ಇಲ್ವಾ ಸಾರ್?’ ಎಂದು ಗಿರಾಕಿ ಮುನಿಸಿಕೊಂಡರೆ ನೀವು ನಾಚಿಕೊಳ್ಳಬೇಕಿಲ್ಲ. ನೀವು ಬಳಸುತ್ತಿರುವುದು ಸುಮಾರು ನೂರು ವರ್ಷದಿಂದ ಇರುವ ಹಕ್ಕು.

ಇದೇ ಕಾಯ್ದೆಯಲ್ಲಿ ಮಾರುವವರು ತಿಳಿದಿರಬೇಕಾದ ಎರಡು ಕಹಿ ಸಂಗತಿಗಳೂ ಇವೆ. ಒಂದು, ಸೆಕ್ಷನ್ 20. ಇಂಥದೇ ವಸ್ತು ಎಂದು ಗೊತ್ತಾಗಿ, ಅದು ಒಪ್ಪಿಸಲು ಸಿದ್ಧವಿದ್ದು, ಬೇಷರತ್ತಾಗಿ ಮಾತು ಮುಗಿದರೆ ಆ ಕ್ಷಣವೇ ಮಾಲೀಕತ್ವ ಕೊಳ್ಳುವವನಿಗೆ ಹೋಗಿಬಿಡಬಹುದು. ಹಣ ನಾಳೆ ಕೊಡುತ್ತೇನೆಂದಿದ್ದರೂ ಅದು ಅಡ್ಡಿಯಾಗದು. ಇನ್ನೊಂದು, ಸೆಕ್ಷನ್ 29. ಮೋಸ ಮಾಡಿ ನಿಮ್ಮಿಂದ ಕ್ಯಾಮೆರಾ ಒಯ್ದವನು, ನೀವು ಆ ಒಪ್ಪಂದವನ್ನು ರದ್ದುಪಡಿಸುವ ಮೊದಲೇ ಏನೂ ಅರಿಯದ ಮೂರನೆಯವನಿಗೆ ಮಾರಿಬಿಟ್ಟರೆ, ಆ ಮೂರನೆಯವನಿಂದ ಅದನ್ನು ಕಿತ್ತುಕೊಳ್ಳುವುದು ಬಲು ಕಷ್ಟ. ಹಾಗಾಗಿ ಮಾತು ಪಕ್ಕಾ ಮಾಡುವ ಮೊದಲೇ ಗಿರಾಕಿಗೆ ಒಂದು ವಾಟ್ಸ್‌ಆ್ಯಪ್ ಸಂದೇಶ ಕಳಿಸಿ: ‘ಪೂರ್ತಿ ಹಣ ನನ್ನ ಬ್ಯಾಂಕ್ ಖಾತೆಗೆ ಜಮೆಯಾದ ಮೇಲೆಯೇ ವಸ್ತುವೂ ಅದರ ಮಾಲೀಕತ್ವವೂ ನಿಮ್ಮದು.’ ಒಂದು ಸಾಲು ಸಾಕು. ಮೋಸ ಗೊತ್ತಾದ ತಕ್ಷಣ ‘ಮಾರಾಟ ರದ್ದು ಮಾಡಿದ್ದೇನೆ’ ಎಂದೂ ಬರೆದು ಕಳಿಸಿ, ತಡ ಮಾಡದೆ ಪೊಲೀಸರಿಗೂ ತಿಳಿಸಿ.

ಟೋಕನ್ ಅಡ್ವಾನ್ಸ್ ಕೊಟ್ಟು ಕಾಣೆಯಾಗುವವರದು ಬೇರೆಯೇ ತಲೆನೋವು. ಸಾವಿರ ರೂಪಾಯಿ ಹಾಕಿ ಹದಿನೈದು ದಿನ ಫೋನೆತ್ತದವನಿಗಾಗಿ ಸೋಫಾ ಕಾಯಬೇಕಿಲ್ಲ. ‘ಇಂಥ ದಿನಾಂಕದೊಳಗೆ ಬಾಕಿ ಕೊಡದಿದ್ದರೆ ಬೇರೆಯವರಿಗೆ ಮಾರುತ್ತೇನೆ’ ಎಂದು ಲಿಖಿತವಾಗಿ ತಿಳಿಸಿ, ಸಮಂಜಸ ಕಾಲಾವಕಾಶ ಕೊಟ್ಟು ಮಾರಬಹುದು. ಇದು ಸೆಕ್ಷನ್ 54. ನೋಟಿಸ್ ಕೊಡದೆ ಮಾರಿದರೆ ನಷ್ಟ ಕೇಳುವ ಹಕ್ಕು ಹೋಗುತ್ತದೆ, ಹೆಚ್ಚಿಗೆ ಬಂದ ಲಾಭವನ್ನು ಮೊದಲಿನವನು ಕೇಳಲೂಬಹುದು.

ಪಿನ್ ಒತ್ತಿದರೆ ಹಣ ಹೋಗುತ್ತದೆ

ಈಗಿನ ಬಹುಪಾಲು ವ್ಯವಹಾರ ನಡೆಯುವುದು ಯುಪಿಐನಲ್ಲಿ. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಿಲ್ಲ, ಯಾವ ಲಿಂಕನ್ನೂ ತೆರೆಯಬೇಕಿಲ್ಲ. ಮೊದಲೆಲ್ಲ ವಂಚಕರು ಹಣ ಕೇಳುವ ಕೋರಿಕೆ ಕಳಿಸಿ, ‘ಇದನ್ನು ಒಪ್ಪಿದರೆ ನಿಮಗೆ ದುಡ್ಡು ಬರುತ್ತೆ’ ಎನ್ನುತ್ತಿದ್ದರು. ಹೀಗೆ ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಸೌಲಭ್ಯವನ್ನೇ ರಾಷ್ಟ್ರೀಯ ಪಾವತಿ ನಿಗಮ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಕ್ಯೂಆರ್ ಕೋಡಿನ ಆಟ ಮಾತ್ರ ನಿಂತಿಲ್ಲ. ತಾನು ಸೇನೆಯವನು, ಬೇರೆ ಊರಿಗೆ ವರ್ಗವಾಗಿದೆ, ವಸ್ತುವನ್ನು ನೋಡುವುದೂ ಬೇಡ, ಹೇಳಿದ ಬೆಲೆಗೇ ಕೊಳ್ಳುತ್ತೇನೆ ಎನ್ನುವ ಗಿರಾಕಿ ದೇಶದ ಎಲ್ಲ ಸೈಬರ್ ಠಾಣೆಗಳಿಗೂ ಪರಿಚಿತ. ಸಮವಸ್ತ್ರದ ಫೋಟೊ, ಕ್ಯಾಂಟೀನ್ ಕಾರ್ಡು, ಗುರುತಿನ ಚೀಟಿ ಎಲ್ಲ ಕಳಿಸುತ್ತಾನೆ. ಆಮೇಲೆ ಬರುವುದು ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಕೊಟ್ಟವರು ನೀವೇ. ಚೌಕಾಸಿಯನ್ನೇ ಮಾಡದ ಗಿರಾಕಿಯನ್ನು ಕಂಡರೆ ಹಿಗ್ಗಬೇಡಿ, ಅನುಮಾನಪಡಿ.

ಎದುರಿಗೇ ಬಂದು ನಿಂತು ಮೋಸ ಮಾಡುವವರೂ ಇದ್ದಾರೆ. ಪಾವತಿ ಆ್ಯಪ್‌ಗಳನ್ನೇ ಹೋಲುವ ನಕಲಿ ಆ್ಯಪ್‌ಗಳಲ್ಲಿ ಹಸಿರು ಟಿಕ್ಕು, ಟಿಣ್ ಎನ್ನುವ ಸದ್ದು, ವಹಿವಾಟು ಸಂಖ್ಯೆ ಎಲ್ಲವೂ ಬರುತ್ತವೆ, ಹಣವೊಂದು ಬಿಟ್ಟು. ಗಿರಾಕಿಯ ಫೋನಿನಲ್ಲಿ ಕಾಣುವುದು ನಿಮಗೆ ಪುರಾವೆಯಾಗದು. ಎಸ್ಸೆಮ್ಮೆಸ್ ಕೂಡ ಸಾಲದು, ಹತ್ತಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದಲೂ ‘ನಿಮ್ಮ ಖಾತೆಗೆ ಜಮೆ’ ಎಂಬ ಸಂದೇಶ ಕಳಿಸಬಹುದು. ನಿಮ್ಮದೇ ಬ್ಯಾಂಕ್ ಆ್ಯಪನ್ನು ನೀವಾಗಿ ತೆರೆದು, ಖಾತೆಯ ವಿವರದಲ್ಲಿ ಮೊತ್ತವನ್ನೂ ಕಳಿಸಿದವರ ಹೆಸರನ್ನೂ ನೋಡಿ. ‘ನೆಟ್‌ವರ್ಕ್ ಸ್ಲೋ, ಹತ್ತು ನಿಮಿಷದಲ್ಲಿ ಬರುತ್ತೆ’ ಎಂದರೆ ಕೂರಿಸಿ ಕಾಫಿ ಕೊಡಿ, ವಸ್ತು ಕೊಡಬೇಡಿ. ‘ಒಂದು ಸೊನ್ನೆ ಜಾಸ್ತಿ ಬಿತ್ತು, ಮಿಕ್ಕಿದ್ದನ್ನು ಈ ನಂಬರಿಗೆ ವಾಪಸ್ ಹಾಕಿ’ ಎಂಬ ಗೋಳಿಗೂ ಇದೇ ಮದ್ದು: ಮೊದಲು ಖಾತೆ ನೋಡಿ. ನಿಜವಾಗಿಯೂ ಹೆಚ್ಚಿಗೆ ಬಂದಿದ್ದರೆ, ಹಣ ಬಂದ ಖಾತೆಗೇ ಬ್ಯಾಂಕಿನ ಮೂಲಕ ಮರಳಲಿ. ಬೇರೊಂದು ನಂಬರಿಗೆ ಬೇಡ.

ಹಣ ಬಂತು, ಖಾತೆ ಸ್ತಂಭಿಸಿತು

ಮಾರುವವರು ಹೆಚ್ಚಾಗಿ ಯೋಚಿಸದ ಅಪಾಯ ಇದು. ಹಣ ನಿಜವಾಗಿಯೂ ಬರುತ್ತದೆ, ನೀವು ಸ್ಕೂಟರ್ ಕೊಡುತ್ತೀರಿ. ವಾರದ ನಂತರ ಎಟಿಎಂನಲ್ಲಿ ಹಣ ತೆಗೆಯಲಾಗುವುದಿಲ್ಲ. ವಿಚಾರಿಸಿದರೆ, ಬೇರೆ ರಾಜ್ಯದ ಯಾವುದೋ ಠಾಣೆಯ ಸೂಚನೆಯಂತೆ ತಡೆಹಿಡಿಯಲಾಗಿದೆ ಎನ್ನುತ್ತದೆ ಬ್ಯಾಂಕು. ನಿಮಗೆ ಬಂದದ್ದು ಇನ್ಯಾರನ್ನೋ ವಂಚಿಸಿ ಅವರ ಖಾತೆಯಿಂದ ಹಾಕಿಸಿದ ಹಣ. ಆ ಸಂತ್ರಸ್ತ ದೂರು ಕೊಟ್ಟಾಗ ಹಣದ ಜಾಡು ನಿಮ್ಮ ಖಾತೆಗೆ ಬಂದು ನಿಂತಿದೆ. ಒಮ್ಮೊಮ್ಮೆ ಆ ಮೊತ್ತವನ್ನಷ್ಟೇ ತಡೆಯುತ್ತಾರೆ, ಒಮ್ಮೊಮ್ಮೆ ಇಡೀ ಖಾತೆಯನ್ನೇ. ಸಂಬಳ, ಮನೆ ಕಂತು ಎಲ್ಲ ಅಲ್ಲೇ ಸಿಕ್ಕಿಬೀಳುತ್ತವೆ.

ಆದ್ದರಿಂದ ‘ನಮ್ಮ ಭಾವ ಹಾಕ್ತಾನೆ’, ‘ಫ್ರೆಂಡ್ ಅಕೌಂಟಿಂದ ಬರುತ್ತೆ’ ಎಂಬುದಕ್ಕೆ ಒಪ್ಪಬೇಡಿ. ವಸ್ತು ಒಯ್ಯುವವನ ಹೆಸರೂ ಹಣ ಕಳಿಸಿದ ಖಾತೆಯ ಹೆಸರೂ ಒಂದೇ ಇರಲಿ. ಅವನ ಗುರುತಿನ ಚೀಟಿಯ ಪ್ರತಿ, ಜಾಹೀರಾತಿನ ಸ್ಕ್ರೀನ್‌ಶಾಟ್, ಮಾತುಕತೆಯ ಸಂದೇಶಗಳು, ಸಹಿ ಮಾಡಿದ ರಸೀದಿ ನಿಮ್ಮಲ್ಲಿರಲಿ. ಖಾತೆ ಸ್ತಂಭಿಸಿದರೆ ಬ್ಯಾಂಕಿನಿಂದ ದೂರಿನ ಸಂಖ್ಯೆ, ಠಾಣೆಯ ಹೆಸರು, ತಡೆಹಿಡಿದ ಮೊತ್ತವನ್ನು ಲಿಖಿತವಾಗಿ ಕೇಳಿ ಪಡೆಯಿರಿ. ತನಿಖಾಧಿಕಾರಿಗೆ ದಾಖಲೆಗಳನ್ನು ಇಮೇಲ್ ಮತ್ತು ಅಂಚೆ ಎರಡರಲ್ಲೂ ಕಳಿಸಿ, ವಿವಾದದ ಮೊತ್ತವನ್ನು ಬಿಟ್ಟು ಉಳಿದದ್ದನ್ನಾದರೂ ತೆರವು ಮಾಡುವಂತೆ ಕೋರಿ. ಅಲ್ಲಿ ಆಗದಿದ್ದರೆ ಸಂಬಂಧಪಟ್ಟ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು.

ನೋಟು, ಚೆಕ್ಕು, ಡಿಡಿ

ನಗದಿಗೆ ಎರಡು ತೊಡಕುಗಳಿವೆ. ಮೊದಲನೆಯದು ತೆರಿಗೆಯದು. ಒಬ್ಬರಿಂದ ಒಂದು ದಿನದಲ್ಲಿ, ಅಥವಾ ಒಂದೇ ವಹಿವಾಟಿಗೆ, 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. 2017ರ ಏಪ್ರಿಲ್‌ನಿಂದ ಈ ನಿರ್ಬಂಧವಿದೆ. ಹಳೇ ಕಾರಿನ ದುಡ್ಡನ್ನು ಮೂರು ದಿನ ಮೂರು ಕಂತಿನಲ್ಲಿ ತಂದುಕೊಟ್ಟರೂ ವಹಿವಾಟು ಒಂದೇ. ಪಡೆದ ಮೊತ್ತದಷ್ಟೇ ದಂಡ ಬೀಳಬಹುದು, ಅದೂ ಪಡೆದವರಿಗೆ. ಇನ್ನೊಂದು ಖೋಟಾ ನೋಟಿನ ಭಯ. ಬ್ಯಾಂಕಿನಲ್ಲಿ ಸಿಕ್ಕಿಬಿದ್ದ ಖೋಟಾ ನೋಟನ್ನು ಮುಟ್ಟುಗೋಲು ಹಾಕಿಕೊಂಡು ರಸೀದಿ ಕೊಡುತ್ತಾರೆ, ಬದಲಿ ಹಣ ಕೊಡುವುದಿಲ್ಲ. ಗೊತ್ತಿದ್ದೂ ಅದನ್ನು ಇನ್ನೊಬ್ಬರಿಗೆ ದಾಟಿಸಿದರೆ ಅದೊಂದು ಗಂಭೀರ ಅಪರಾಧ. 2 ಲಕ್ಷದೊಳಗಿನ ದೊಡ್ಡ ಮೊತ್ತವಾದರೆ ಇಬ್ಬರೂ ನಿಮ್ಮ ಬ್ಯಾಂಕ್ ಶಾಖೆಗೇ ಹೋಗಿ, ಕೌಂಟರಿನಲ್ಲಿ ನಿಮ್ಮ ಖಾತೆಗೆ ಕಟ್ಟಿಸಿ. ಎಣಿಸುವ ಕೆಲಸವೂ ಪರೀಕ್ಷಿಸುವ ಕೆಲಸವೂ ಬ್ಯಾಂಕಿನದಾಗುತ್ತದೆ. ಇನ್ನೂ ಸುಲಭವೆಂದರೆ ನೆಫ್ಟ್ ಅಥವಾ 2 ಲಕ್ಷ ಮೀರಿದರೆ ಆರ್‌ಟಿಜಿಎಸ್. ಎರಡೂ ಈಗ ದಿನದ 24 ಗಂಟೆಯೂ ನಡೆಯುತ್ತವೆ.

ಅಪರಿಚಿತನಿಂದ ಚೆಕ್ಕು ಬೇಡ ಎಂಬುದೇ ನನ್ನ ಸಲಹೆ. ಪಡೆಯಲೇಬೇಕಾದರೆ, ಚೆಕ್ಕು ಕೈಗೆ ಬಂದದ್ದನ್ನು ಹಣ ಬಂದದ್ದೆಂದು ಎಣಿಸಬೇಡಿ; ಅದು ಪಾಸಾಗುವವರೆಗೆ ವಸ್ತು ಮನೆಯಲ್ಲೇ ಇರಲಿ. 2025ರ ಅಕ್ಟೋಬರ್ 4ರಿಂದ ಚೆಕ್ಕಿನ ವಿಲೇವಾರಿ ಹೆಚ್ಚುಕಡಿಮೆ ಅದೇ ದಿನ ಆಗುತ್ತಿರುವುದರಿಂದ ಕಾಯುವುದು ದೊಡ್ಡ ಮಾತಲ್ಲ. ಬೌನ್ಸ್ ಆದರೆ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138 ಇದೆ, ಆದರೆ ಅದರ ಗಡಿಯಾರ ಕಟ್ಟುನಿಟ್ಟು. ಚೆಕ್ಕನ್ನು ಅದರ ದಿನಾಂಕದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಿರಬೇಕು. ಬೌನ್ಸ್ ಆದ ಮಾಹಿತಿ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿ 15 ದಿನವಾದರೂ ಹಣ ಬಾರದಿದ್ದರೆ, ನಂತರದ ಒಂದು ತಿಂಗಳೊಳಗೆ ದೂರು ದಾಖಲಿಸಬೇಕು. ನಿಮ್ಮ ಖಾತೆಯಿರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲೇ ಕೇಸು ಹಾಕಬಹುದು, ಕೊಳ್ಳುವವನ ಊರಿಗೆ ಅಲೆಯಬೇಕಿಲ್ಲ. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಡಿಡಿ ಚೆಕ್ಕಿಗಿಂತ ವಾಸಿ ನಿಜ, ಆದರೆ ಅದರಲ್ಲೂ ನಕಲಿ ಇದೆ. ಕೊಟ್ಟ ಬ್ಯಾಂಕಿನ ಶಾಖೆಯಲ್ಲಿ ಖಚಿತಪಡಿಸಿಕೊಳ್ಳಿ.

ವಾಹನದ ವಿಚಾರದಲ್ಲಿ ಹಣ ಬಂದರೂ ಕೆಲಸ ಮುಗಿಯದು. ಅದೇ ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸುವುದು ಮಾರಿದವರ ಹೊಣೆ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 50. ನಮೂನೆ 29 ಮತ್ತು 30ಕ್ಕೆ ಖಾಲಿ ಸಹಿ ಹಾಕಿ ಕೊಟ್ಟು ಕೈತೊಳೆದುಕೊಳ್ಳುವ ರೂಢಿ ನಮ್ಮಲ್ಲಿ ಬಹಳ. ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಯಾರೋ ಓಡಿಸಿದ ಗಾಡಿಗೆ ನೀವು ಲಕ್ಷಗಟ್ಟಲೆ ಕಟ್ಟಬೇಕಾದೀತು. ಗಾಡಿ ಒಪ್ಪಿಸಿದ ದಿನಾಂಕದ ಜೊತೆ ಗಂಟೆಯನ್ನೂ ರಸೀದಿಯಲ್ಲಿ ಬರೆಸಿ, ಹೆಸರು ವರ್ಗಾವಣೆಯ ಅರ್ಜಿ ಸಲ್ಲಿಕೆಯಾಗುವವರೆಗೆ ಬೆನ್ನು ಬಿಡಬೇಡಿ. ರಸೀದಿ ಎಂದಾಗ ನೆನಪಾಯಿತು: 5,000 ರೂಪಾಯಿ ಮೀರಿದ ಮೊತ್ತಕ್ಕೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ ಅದರ ಮೇಲೆ ಸಹಿ ಮಾಡಬೇಕು. ಮೊಬೈಲ್ ಫೋನಾದರೆ ಐಎಂಇಐ ಸಂಖ್ಯೆಯೂ ಅದರಲ್ಲಿರಲಿ.

ಮೋಸ ಹೋದರೆ

ಹಣ ಹೋದದ್ದು ಗೊತ್ತಾದ ನಿಮಿಷವೇ 1930ಕ್ಕೆ ಕರೆ ಮಾಡಿ. (ಸರಕು ಮಾರಾಟ ಕಾಯ್ದೆಯ ಇಸವಿಯೂ ಸಹಾಯವಾಣಿಯ ಸಂಖ್ಯೆಯೂ ಒಂದೇ ಆಗಿರುವುದು ಕಾಕತಾಳೀಯ, ನೆನಪಿಡಲು ಅನುಕೂಲ.) ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲು ತಡೆಯುವ ವ್ಯವಸ್ಥೆ ಇದು, ಇಲ್ಲಿ ಗಂಟೆಗಳಿಗೂ ಬೆಲೆಯಿದೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ, ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯಲ್ಲೂ ದೂರು ಕೊಡಬಹುದು. ಬ್ಯಾಂಕಿಗೂ ಕೂಡಲೇ ತಿಳಿಸಿ: ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕ ತಾನೇ ಗುಟ್ಟಿನ ವಿವರ ಕೊಟ್ಟು ಆದ ನಷ್ಟ ಅವನದೇ, ಆದರೆ ಬ್ಯಾಂಕಿಗೆ ವರದಿ ಮಾಡಿದ ನಂತರ ಆಗುವ ನಷ್ಟ ಬ್ಯಾಂಕಿನದು.

ಠಾಣೆಯಲ್ಲಿ ‘ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ’ ಎಂಬ ಉತ್ತರ ಬರಬಹುದು. ಹಣ ಕೊಡಲು ತಡ ಮಾಡಿದ್ದಷ್ಟೇ ಆದರೆ ಅದು ಸರಿಯೇ. ಮೂರು ವರ್ಷದೊಳಗೆ ದಾವೆ ಹೂಡಬೇಕು. ಆದರೆ ನಕಲಿ ಪಾವತಿ ತೋರಿಸಿ ವಸ್ತು ಒಯ್ದವನ ಉದ್ದೇಶ ಮೊದಲಿನಿಂದಲೂ ಮೋಸವೇ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 318ರಡಿ ಏಳು ವರ್ಷದವರೆಗೆ ಶಿಕ್ಷೆಯಿರುವ ಅಪರಾಧವದು. ವ್ಯಾಪ್ತಿಯ ನೆಪ ಹೇಳದೆ ಯಾವ ಠಾಣೆಯಾದರೂ ಇದನ್ನು ದಾಖಲಿಸಿಕೊಳ್ಳಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173 ಹೇಳುತ್ತದೆ. ಆನ್‌ಲೈನಿನಲ್ಲಿ ದೂರು ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಿ. ಠಾಣೆ ನಿರಾಕರಿಸಿದರೆ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ದೂರು ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ. ಗ್ರಾಹಕ ಆಯೋಗ ಇಲ್ಲಿ ನೆರವಿಗೆ ಬಾರದು, ಏಕೆಂದರೆ ಮಾರಿದವರು ಕೊಂಡವನ ಗ್ರಾಹಕರಲ್ಲ. ಬ್ಯಾಂಕಿನ ಸೇವೆಯಲ್ಲಿ ಲೋಪವಿದ್ದರೆ ಬ್ಯಾಂಕಿನ ಮೇಲೆ ಅಲ್ಲಿ ದೂರಬಹುದು.

ವಕೀಲರನ್ನಿಡಲು ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ.