ದೇಹದ ಉರಿಯೂತವೂ ವೃದ್ಧರ ಮರೆವೂ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠವು ಹಿಂದೆ ಪ್ರಸಿದ್ಧ ವಿದ್ಯಾಕೇಂದ್ರವಾಗಿದ್ದಿತು. ಕ್ರಿ.ಶ. 1162ರ ಶಾಸನವು ಅದನ್ನು ಶಾಸ್ತ್ರಾಧ್ಯಯನದ ಸ್ಥಾನವೆಂದಷ್ಟೇ ಅಲ್ಲದೆ, ದೀನರಿಗೂ ಕ್ಷಪಣಕರೇ ಮೊದಲಾದ ಭಿಕ್ಷುಗಳಿಗೂ ಅನ್ನವೀಯುವ, ಅನಾಥರೋಗಿಗಳಿಗೆ ಔಷಧೋಪಚಾರ ನಡೆಸುವ, ಸಕಲ ಜೀವಿಗಳಿಗೆ ಅಭಯ ನೀಡುವ ಸ್ಥಾನವೆಂದೂ ವರ್ಣಿಸುತ್ತದೆ. ಅದು ಶೈವ ಮಠ. ಆದರೂ ಶ್ರಾವಕರ ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ಚತುರ್ವಿಧ ದಾನಗಳೂ ಅಲ್ಲಿ ಕಾಣುತ್ತವೆ. ಇವುಗಳಲ್ಲಿ ಭೈಷಜ್ಯದಾನವು ಮನೆಯಿಂದಲೇ ಆರಂಭವಾಗಬೇಕು. ನೆನಪು ಕುಂದಿ, ತಮ್ಮ ನೋವನ್ನು ತಾವೇ ಹೇಳಲಾರದ ಹಿರಿಯರಿಗೆ ಮೊದಲು ಸಲ್ಲಬೇಕು.

ಗಾಯಕ್ಕಾಗಲಿ ಸೋಂಕಿಗಾಗಲಿ ದೇಹವು ಒಡ್ಡುವ ಪ್ರತಿರೋಧವೇ ಉರಿಯೂತ. ಕೆಂಪು, ಬಿಸಿ, ಬಾವು, ನೋವು ಅದರ ಲಕ್ಷಣಗಳು. ಕಾರ್ಯ ಮುಗಿದೊಡನೆ ಶಮಿಸಿದರೆ ಅದು ರಕ್ಷಕ. ಬಹುಕಾಲ ನಿಂತರೆ ಹಾನಿಕರ. ಆಗ ಹೊರಡುವ ಸೈಟೊಕೈನ್ ಎಂಬ ದ್ರವ್ಯಗಳ ಸಂದೇಶವು ರಕ್ತದ ಮೂಲಕವೂ ವೇಗಸ್ ನರದ ಮೂಲಕವೂ ಮೆದುಳನ್ನು ಮುಟ್ಟುತ್ತದೆ. ಮೆದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. ಅಲ್ಝೈಮರ್ ರೋಗದಲ್ಲಿ ಅವು ಮೊದಲೇ ಕೆರಳಿರುತ್ತವೆ. ಈ ಸಂದೇಶ ತಲುಪಿದಾಗ ಮಿತಿಮೀರಿ ವರ್ತಿಸಿ, ತಾವು ಕಾಯಬೇಕಾದ ನರಕೋಶಗಳಿಗೇ ಹಾನಿ ಮಾಡಬಲ್ಲವು. ಇಂಗ್ಲೆಂಡಿನ ಸೌತಾಂಪ್ಟನ್ನಿನ ತಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೋಂಕು ಅಥವಾ ಪೆಟ್ಟಿನಿಂದ ಉರಿಯೂತಕ್ಕೊಳಗಾದ ಅಲ್ಝೈಮರ್ ರೋಗಿಗಳ ಬುದ್ಧಿಶಕ್ತಿಯು ಆರು ತಿಂಗಳಲ್ಲಿ ಇತರರಿಗಿಂತ ಶೀಘ್ರವಾಗಿ ಕುಂದಿದ್ದು ಕಂಡುಬಂದಿತು. ಹಾಗೆಂದು ಉರಿಯೂತ ಶಮನದ ಮಾತ್ರೆಗಳನ್ನು ನುಂಗಿ ಮರೆವನ್ನು ತಡೆಯಲಾಗದು. ಅಂತಹ ಪ್ರಯೋಗಗಳು ಫಲ ನೀಡಿಲ್ಲ.

ಆದುದರಿಂದ ಮರೆವಿನ ರೋಗವುಳ್ಳ ಹಿರಿಯರು ಒಮ್ಮೆಲೇ ಮಂಕಾದರೆ, ಅಸಂಬದ್ಧವಾಗಿ ಮಾತನಾಡಿದರೆ, ಅದನ್ನು ವಯಸ್ಸಿನ ಮೇಲಾಗಲಿ ಉಪವಾಸದ ಆಯಾಸದ ಮೇಲಾಗಲಿ ಹೊರಿಸಿ ಸುಮ್ಮನಿರಬಾರದು. ಮೂತ್ರದ ಸೋಂಕು, ಶ್ವಾಸಕೋಶದ ಸೋಂಕು, ವ್ರಣ ಇತ್ಯಾದಿಗಳು ಒಳಗೇ ಅಡಗಿರಬಹುದು. ವೃದ್ಧರಲ್ಲಿ ಜ್ವರವೂ ಕಾಣದೆ ಹೋಗಬಹುದು. ಕೂಡಲೇ ವೈದ್ಯರಿಗೆ ತೋರಿಸಬೇಕು. ನೀರಿನ ಕೊರತೆಯೂ ಈ ಭ್ರಮೆಯನ್ನು ಹೆಚ್ಚಿಸುವುದರಿಂದ ಅಂತಹವರಿಗೆ ನಿರ್ಜಲ ಉಪವಾಸ ಸಲ್ಲದು.

ವ್ರತವು ಕರ್ಮನಿರ್ಜರೆಯ ಸಾಧನವೇ ಹೊರತು ರೋಗದ ಚಿಕಿತ್ಸೆಯಲ್ಲ. ಷೋಡಶ ಭಾವನೆಗಳಲ್ಲಿ ಶಕ್ತಿಯನ್ನರಿತು ತಪವನ್ನಾಚರಿಸುವುದೂ ಒಂದು, ರೋಗಿಗಳ ಸೇವೆಯಾದ ವೈಯಾವೃತ್ಯವೂ ಒಂದು. ಹಿರಿಯರು ವ್ರತವನ್ನು ಪಾಲಿಸಲಾರದ ದಿನ, ಮನೆಯವರು ವೈಯಾವೃತ್ಯವನ್ನು ಪಾಲಿಸಲಿ.