ಎರೆಭೂಮಿಯ ಬಿಸಿಲಿಗೆ ಲಾಸಾ ಅಪ್ಸೊ?

ಮುಂಡಗೋಡದ ಟಿಬೆಟಿಯನ್ನರು 1966ರಿಂದ ನಮ್ಮ ಬಿಸಿಲಿಗೆ ಒಗ್ಗಿದ್ದಾರೆ, ಅವರ ನಾಡಿನ ನಾಯಿ ನಮ್ಮೂರು ಸಂಶಿಗೆ ಒಗ್ಗುವುದಿಲ್ಲವೇ ಎಂದು ಕೇಳಿದ್ದೀರಿ. ಈ ಹೋಲಿಕೆ ಸರಿಯಲ್ಲ. ಮನುಷ್ಯ ಮೈತುಂಬ ಬೆವರುತ್ತಾನೆ. ನಾಯಿ ಬಹುಮಟ್ಟಿಗೆ ತೇಕಿಯೇ ತಂಪಾಗಬೇಕು. ಲಾಸಾ ಅಪ್ಸೊ ಟಿಬೆಟಿನ ಮನೆ, ಮಠಗಳ ಒಳಗಿನ ಕಾವಲಿಗೆ ಬೆಳೆದ ತಳಿ. ಲಾಸಾ ನಗರ ಇರುವುದು ಸುಮಾರು 3,650 ಮೀಟರ್ ಎತ್ತರದಲ್ಲಿ. ಈ ನಾಯಿಯ ಎರಡು ಪದರದ ಕೂದಲು ಅಲ್ಲಿನ ಚಳಿಗೆ ಹೇಳಿ ಮಾಡಿಸಿದ್ದು. ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನಡಿ ಕಟ್ಟಿದರೆ ಅದಕ್ಕೆ ಜೀವಾಪಾಯ. ಹೊಲ ಕಾಯಲಿಕ್ಕಾದರೆ ಊರನಾಯಿಯೇ ಸಾಕು.

ಕೂದಲು ಬೋಳಿಸಿದರಾಯಿತು ಎನ್ನುವವರಿದ್ದಾರೆ. ಬೇಡ, ಬಿಸಿಲು ನೇರ ಚರ್ಮಕ್ಕೆ ಬಡಿಯುತ್ತದೆ. ಒಂದಿಂಚು ಉಳಿಸಿ ಕತ್ತರಿಸಿ. ಮಳೆಗಾಲದ ಕಾಟ ಬೇರೆ: ಬೆರಳಸಂದಿಯ ಕೂದಲಿಗೆ ಮೆತ್ತಿದ ಎರೆಮಣ್ಣು ಒಣಗಿ ಹೆಂಟೆಯಾಗುತ್ತದೆ, ಕಿವಿಯ ಹಿಂದೆ ಉಣ್ಣಿ ಅಡಗುತ್ತದೆ. ದಿನವೂ ಬಾಚಲೇಬೇಕು, ಅದೂ ಹನ್ನೆರಡು-ಹದಿನೈದು ವರ್ಷ. ನಿಮ್ಮದು ದಪ್ಪ ಗೋಡೆಯ ಮಾಳಿಗೆಮನೆಯಾಗಿದ್ದು, ಹಗಲೆಲ್ಲ ಯಾರಾದರೂ ಇರುವುದಾದರೆ ಧಾರಾಳವಾಗಿ ತನ್ನಿ. ಇಂಥ ಮನೆಯ ನಡುಮನೆ ಅದಕ್ಕೆ ತಕ್ಕ ಜಾಗ. ತಿರುಗಾಟ ಬೆಳಗು, ಸಂಜೆ ಮಾತ್ರ. ತೇಕು ನಿಲ್ಲದೆ ಜೊಲ್ಲು ಸುರಿದರೆ ಮೈಮೇಲೆ ನೀರು ಹಾಕಿ, ಗಾಳಿ ಬೀಸುತ್ತ ತಡಮಾಡದೆ ಪಶುವೈದ್ಯರ ಬಳಿ ಒಯ್ಯಿರಿ.