ಗೃಹವಿಮೆ: ರಕ್ಷಣೆಯ ವ್ಯಾಪ್ತಿ ಮತ್ತು ಮಿತಿ

ಲೋಕರೂಢಿಯಲ್ಲಿ ‘ಮನೆ’ ಎಂದೊಡನೆ ಗೋಡೆ, ಛಾವಣಿ, ಪಾತ್ರೆಪಡಗ, ಒಡವೆವಸ್ತ್ರಗಳೆಲ್ಲವೂ ಆ ಒಂದೇ ಮಾತಿನಲ್ಲಿ ಅಡಗುತ್ತವೆ. ವಿಮಾಪತ್ರದ ಭಾಷೆ ಹಾಗಲ್ಲ. ಅಲ್ಲಿ ಕಟ್ಟಡ ಬೇರೆ, ಮನೆಸಾಮಾನು ಬೇರೆ, ಬೆಲೆಬಾಳುವ ವಸ್ತು ಬೇರೆ. ಈ ಭೇದವನ್ನರಿಯದೆ ಕಂತು ತೆತ್ತವನು ಆಪತ್ಕಾಲದಲ್ಲಿ ಬರಿಗೈಯಾಗುವ ಸಂಭವವುಂಟು.

ಭಾರತದ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ರೂಪಿಸಿದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ, ನೀರಿನ ತೊಟ್ಟಿ ಕೊಳವೆಗಳು ಒಡೆಯುವುದು ಮೊದಲಾದವುಗಳಿಂದಾಗುವ ಹಾನಿಗೆ ಇದರಲ್ಲಿ ಪರಿಹಾರವಿದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಆ ಮೊತ್ತದ ಶೇಕಡಾ 20ರಷ್ಟು ರಕ್ಷಣೆ, 10 ಲಕ್ಷ ರೂಪಾಯಿಗಳನ್ನು ಮೀರದಂತೆ, ಸಾಮಾನ್ಯ ಮನೆಸಾಮಾನುಗಳಿಗೂ ತಾನಾಗಿಯೇ ಸಲ್ಲುತ್ತದೆ. 30 ಲಕ್ಷದ ಕಟ್ಟಡವಾದರೆ ಸಾಮಾನಿಗೆ 6 ಲಕ್ಷ. ಹೆಚ್ಚು ಬೇಕಾದವರು ವಿವರ ನೀಡಿ ಪಡೆಯಬಹುದು. ಬಾಡಿಗೆಯ ಮನೆಯಲ್ಲಿರುವವರು ಸಾಮಾನುಗಳಿಗೆ ಮಾತ್ರವೇ ವಿಮೆ ಮಾಡಿಸಬಹುದು.

ಜನರು ಬಹುವಾಗಿ ಎಡವುವುದು ‘ಕಳವು’ ಎಂಬ ಶಬ್ದದಲ್ಲಿ. ಮೇಲೆ ಹೇಳಿದ ಅನಾಹುತಗಳಲ್ಲೊಂದು ಸಂಭವಿಸಿ, ಅದರ ಕಾರಣದಿಂದಲೇ 7 ದಿನಗಳೊಳಗೆ ಆದ ಕಳವಿಗೆ ಮಾತ್ರ ಈ ಪಾಲಿಸಿಯಲ್ಲಿ ಪರಿಹಾರವುಂಟು. ನೆರೆಗೆ ಹೆದರಿ ತೊರೆದ ಮನೆಗೆ ಕಳ್ಳ ನುಗ್ಗಿದರೆ ಅದು ಇದರೊಳಗೆ ಬರುತ್ತದೆ. ಮನೆಯವರು ಜಾತ್ರೆಗೆ ಹೋದಾಗ ಬೀಗ ಮುರಿದರೆ ಬರುವುದಿಲ್ಲ. ಅದಕ್ಕೆ ಕನ್ನಗಳವಿನ ವಿಮೆಯನ್ನು ಪ್ರತ್ಯೇಕವಾಗಿ ಮಾಡಿಸತಕ್ಕದ್ದು.

ಒಡವೆ, ಕಲಾಕೃತಿಗಳಿಗೆ ಮೌಲ್ಯವನ್ನು ಮೊದಲೇ ಒಪ್ಪಿಸಿ ಬೇರೆ ರಕ್ಷಣೆ ಕೊಳ್ಳಬೇಕು. ನಗದು, ಗಟ್ಟಿ ಬಂಗಾರ, ಕಾಗದಪತ್ರ, ಹಸ್ತಪ್ರತಿಗಳು ಸ್ಪಷ್ಟವಾಗಿ ನಮೂದಾಗದ ಹೊರತು ಒಳಪಡವು. ತಲೆಮಾರುಗಳಿಂದ ಓಲೆಗರಿಯ ಕಟ್ಟುಗಳನ್ನು ಕಾಪಾಡಿಕೊಂಡು ಬಂದ ಮನೆತನಗಳು ಇದನ್ನು ವಿಶೇಷವಾಗಿ ಲಕ್ಷಿಸಬೇಕು. ವಿದ್ಯುತ್ ಯಂತ್ರವೊಂದು ತನ್ನೊಳಗಿನ ಷಾರ್ಟ್ ಸರ್ಕ್ಯೂಟಿನಿಂದ ಸುಟ್ಟರೆ ಆ ಯಂತ್ರಕ್ಕೆ ಪರಿಹಾರವಿಲ್ಲ. ಅದರ ಬೆಂಕಿ ಹಬ್ಬಿ ಸುಟ್ಟ ಇತರ ವಸ್ತುಗಳಿಗೆ ಉಂಟು. ಉದ್ದೇಶಪೂರ್ವಕವಾಗಿ ತಾನೇ ಮಾಡಿಕೊಂಡ ಹಾನಿಗೆ ಪರಿಹಾರವಿಲ್ಲವೆಂಬುದನ್ನು ಹೇಳಬೇಕಾದುದಿಲ್ಲ.

ಆದುದರಿಂದ ಗೃಹಸ್ಥನು ಪಾಲಿಸಿಯಲ್ಲಿ ‘ಏನು ಸೇರಿದೆ’ ಎಂಬ ಪುಟವನ್ನು ಓದಿದಷ್ಟೇ ಶ್ರದ್ಧೆಯಿಂದ ‘ಏನು ಸೇರಿಲ್ಲ’ ಎಂಬ ಪುಟವನ್ನೂ ಓದತಕ್ಕದ್ದು. ಸಾಮಾನುಗಳ ಪಟ್ಟಿ, ರಸೀದಿ, ಛಾಯಾಚಿತ್ರಗಳ ಒಂದು ಪ್ರತಿ ಮನೆಯ ಹೊರಗೂ ಇರಲಿ. ಮನೆ ಸುಟ್ಟಾಗ ಮನೆಯೊಳಗಿನ ಸಾಕ್ಷ್ಯವೂ ಸುಡುತ್ತದೆ. ಹಾನಿಯಾದೊಡನೆ ಕಂಪನಿಗೆ, ಕಳವಾದರೆ ಪೊಲೀಸರಿಗೂ, ತಡಮಾಡದೆ ತಿಳಿಸಬೇಕು. ಶಬ್ದಾರ್ಥವನ್ನು ಮೊದಲೇ ಅರಿತವನಿಗೆ ವಿಮೆ ಆಸರೆಯಾಗುತ್ತದೆ. ಅರಿಯದವನಿಗೆ ಅದು ಪೆಟ್ಟಿಗೆಯಲ್ಲಿಟ್ಟ ಕಾಗದ ಮಾತ್ರ.